ಮೋತಿಯ ಸಲಾಮು

ಕೊಂಡ್ಲಹಳ್ಳಿ
18 ಆಗಸ್ಟ್ 2024

ಶಾಂತಕುಮಾರಿಗೆ ನಿನ್ನ ಭಾವ ನಾಗಭೂಷಣನ ಆಶೀರ್ವಾದಗಳು.

ನಿನ್ನ ಮೋತಿ ಕ್ಷೇಮವಾಗಿ ಬಂದು ತಲುಪಿದಳು. ಟೆಂಪೋದಿಂದ ಇಳಿಸುವಾಗ ಹಿಂಗಾಲು ಸ್ವಲ್ಪ ಜಾರಿತು, ಬೇರೇನೂ ಆಗಲಿಲ್ಲ. ಮನೆಯ ಹಿಂದಿನ ಹಳೆಯ ಹುಳುಮನೆಯಲ್ಲಿ ಕಟ್ಟಿದ್ದೇನೆ. ರೇಷ್ಮೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಊರೂರು ತಿರುಗಿ, ಹುಳುಮನೆಗೆ ಗಾಳಿ ಹೇಗೆ ಆಡಬೇಕು ಅಂತ ರೈತರಿಗೆ ಹೇಳಿದವನು ನಾನು. ನನ್ನ ಮನೆಯದರಲ್ಲಿ ವೆಂಟಿಲೇಷನ್‌ಗೆ ಕೊರತೆ ಇದ್ದೀತೆ?

ಫೋನು ಬಿಟ್ಟು ಕಾಗದ ಯಾಕೆ ಅಂತ ನಿನಗೆ ಗೊತ್ತೇ ಇದೆ. ಎಡಗಿವಿ ಪೂರ್ತಿ ಹೋಗಿದೆ, ಬಲಗಿವಿಯಲ್ಲಿ ಫೋನಿಟ್ಟರೆ ಎಲ್ಲರೂ ನೀರಿನೊಳಗೆ ಕೂತು ಮಾತಾಡಿದ ಹಾಗೆ ಕೇಳುತ್ತದೆ. ರಾಯದುರ್ಗದ ಬಸ್ಸಿನ ಕಂಡಕ್ಟರ್ ಜೋಗಪ್ಪ ನಮ್ಮ ಕಡೆಯವನೇ. ನೀನು ಸಾಮಾನು ಕಳಿಸುವ ಚೀಲದಲ್ಲೇ ನಿನ್ನ ಕಾಗದ ಇಡು, ನಾನು ಖಾಲಿ ಚೀಲದಲ್ಲಿ ನನ್ನದು ಇಟ್ಟು ಕಳಿಸುತ್ತೇನೆ.

ಈಗ ಮುಖ್ಯ ವಿಷಯ. ಕುದುರೆ ಇದೆ, ಕುದುರೆಯ ಸಾಮಾನಿಲ್ಲ. ಮೊನ್ನೆ ಮೊಳಕಾಲ್ಮುರು ಪೇಟೆಯನ್ನೆಲ್ಲ ಸುತ್ತಿದೆ. ಸೀರೆ ಕೇಳಿದರೆ ಹತ್ತು ಜನ ಕೈಹಿಡಿದು ಎಳೆಯುತ್ತಾರೆ, ಲಗಾಮು ಕೇಳಿದರೆ ನನ್ನ ಮುಖ ನೋಡುತ್ತಾರೆ. ಗೊಬ್ಬರದ ಅಂಗಡಿಯವನು ಎತ್ತಿನ ಮೂಗುದಾರ ತೋರಿಸಿ ಇದನ್ನೇ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ ಅಂದ. ಲಾಳ ಕಟ್ಟುವವನು ಸಿಕ್ಕ, ಆದರೆ ಅವನ ಹತ್ತಿರ ಇರುವುದು ಎರಡು ತುಂಡಿನ ಎತ್ತಿನ ಲಾಳ. ಕುದುರೆಗೆ ಒಂದೇ ತುಂಡಿನದು ಬೇಕಲ್ಲಪ್ಪ ಅಂದರೆ, ಒಂದನ್ನೇ ಹೊಡೀತೀನಿ ಬಿಡಿ ಅಂತಾನೆ. ನಿಮ್ಮ ಚಳ್ಳಕೆರೆಯಲ್ಲಿ ಹೊಸದಾಗಿ ಆಗಿರುವ ಪೆಟ್ ಶಾಪಿಗೂ ಹೋಗಿದ್ದೆ. ಬಣ್ಣದ ಮೀನು, ನಾಯಿಗೆ ಬಿಸ್ಕತ್ತು, ಬೆಕ್ಕಿಗೆ ಮರಳು. ನಮ್ಮ ಕಡೆ ಬೆಕ್ಕಿಗೆ ಮರಳನ್ನೂ ಕೊಂಡು ತರುವ ಕಾಲ ಬಂತು. ಕುದುರೆಯದು ಬೇಕಾದರೆ ಆನ್‌ಲೈನ್ ತರಿಸಬೇಕಂತೆ.

ಆದ್ದರಿಂದ ಲಗಾಮು, ಮೈ ಉಜ್ಜುವ ಬ್ರಷ್ಷು, ಉದ್ದದ ಹಗ್ಗ ಇವು ಬಾಲರಾಜುವಿನ ಕಾಲದವು ನಿನ್ನ ಹಗ್ಗ, ಗಂಟೆ, ಹುರುಳಿಯ ಅಂಗಡಿಯ ಅಟ್ಟದಲ್ಲಿದ್ದರೆ ಕಳಿಸು. ಮದುವೆ ಮೆರವಣಿಗೆಯಲ್ಲಿ ಒಬ್ಬರು ಹಗ್ಗ ಹಿಡಿದು ಮುಂದೆ ನಡೆದರೆ ಹಿಂದೆ ಬರುವುದಷ್ಟೇ ಮೋತಿಗೆ ಗೊತ್ತು. ಬೆನ್ನ ಮೇಲೆ ಕೂತವನ ಮಾತು ಕೇಳುವುದು ಗೊತ್ತಿಲ್ಲ. ಸಿದ್ದಾಪುರದ ದಾರಿ ಹಿಡಿದು ಜಟಿಂಗ ರಾಮೇಶ್ವರದ ಬೆಟ್ಟದ ಬುಡದ ತನಕ ಹೋಗಿ ಬರುವಷ್ಟು ಕಲಿಸಬೇಕು ಅಂತ ನನ್ನ ಆಸೆ. ಬಾಲರಾಜು ಈ ಬಗ್ಗೆ ನೋಟ್ಸ್ ಏನಾದರೂ ಬರೆದಿಟ್ಟಿದ್ದರೆ ಅದನ್ನೂ ಕಳಿಸು.

ನಿನಗೆ ಕೊಟ್ಟ ಮಾತು ನೆನಪಿದೆ. ಮದುವೆಗೆ ಕಳಿಸುವುದಿಲ್ಲ, ಗಾಡಿಗೆ ಕಟ್ಟುವುದಿಲ್ಲ. ಇನ್‌ಫ್ಯಾಕ್ಟ್, ಆರು ತಿಂಗಳು ಬಿಟ್ಟು ಬಂದು ನೋಡು, ನಿನ್ನ ಕುದುರೆ ನಿನಗೇ ಗುರುತು ಸಿಗಬಾರದು, ಹಾಗೆ ಮಾಡುತ್ತೇನೆ.

ಇಂತಿ,
ನಾಗಭೂಷಣ


ಚಳ್ಳಕೆರೆ
21-8-2024

ಭಾವನವರಿಗೆ ಶಾಂತಕುಮಾರಿ ಮಾಡುವ ನಮಸ್ಕಾರ.

ಚೀಲದಲ್ಲಿ ಲಗಾಮು, ಬ್ರಷ್ಷು, ಗೊರಸು ಕೆರೆಯುವ ಕೊಕ್ಕೆ, ಇಪ್ಪತ್ತು ಮೊಳದ ಹಗ್ಗ ಇಟ್ಟಿದ್ದೇನೆ. ಎತ್ತಿನ ಲಾಳ ಹೊಡೆಸಬೇಡಿ. ಮಣ್ಣಿನಲ್ಲಿ ನಡೆಯುವ ಕುದುರೆಗೆ ಲಾಳವೇ ಬೇಡ.

ನೋಟ್ಸ್ ಇಲ್ಲ. ಮೋತಿಗೆ ಕಲಿಸಿದ್ದು ನಮ್ಮನೆಯವರಲ್ಲ, ನಾನು. ಅವರು ಮೆರವಣಿಗೆಗೆ ಕರಕೊಂಡು ಹೋಗುತ್ತಿದ್ದರು ಅಷ್ಟೇ.

ಮೊದಲ ಒಂದು ತಿಂಗಳು ಬೆನ್ನು ಹತ್ತಬೇಡಿ. ಉದ್ದ ಹಗ್ಗ ಹಿಡಿದು ನೀವು ನಡುವೆ ನಿಲ್ಲಿ, ಅವಳು ಸುತ್ತ ನಡೆಯಲಿ. ಬಲಕ್ಕೆ ಹತ್ತು ಸುತ್ತು, ಎಡಕ್ಕೆ ಹತ್ತು ಸುತ್ತು. ನಿಲ್ಲು ಅಂದಾಗ ನಿಂತರೆ ಹಗ್ಗ ಸಡಿಲ ಬಿಡಿ, ಅದೇ ಅವಳಿಗೆ ಬಹುಮಾನ. ದಿನಾ ನಾಲ್ಕೂ ಕಾಲು ಎತ್ತಿ ಗೊರಸು ನೋಡಿ.

ತಿನ್ನಲಿಕ್ಕೆ ಒಣಹುಲ್ಲು, ಗರಿಕೆ, ಸಜ್ಜೆ ಸಪ್ಪೆ. ನೆನೆಸಿದ ಹುರುಳಿ ದಿನಕ್ಕೆ ಒಂದು ಸೇರು, ಎರಡು ಹೊತ್ತಿಗೆ ಹಂಚಿ. ಹಿಂಡಿ ಬೇಡ, ಬೆಲ್ಲ ಬೇಡ, ಜೋಳ ಬೇಡ. ಕೆಲಸವಿಲ್ಲದ ಕುದುರೆಗೆ ಅವು ವಿಷ. ಮೋತಿ ಮೊದಲಿನಿಂದಲೂ ತೆಳ್ಳಗೆ, ಹಾಗೇ ಇರಲಿ.

ಇನ್ನೊಂದು ಮಾತು, ಬೇಜಾರು ಮಾಡ್ಕೋಬೇಡಿ. ಅಕ್ಕನ ಕಾಯಿಲೆಯಲ್ಲಿ ನೀವು ಚೆನ್ನಾಗಿದ್ದಾಳೆ, ಊಟ ಮಾಡ್ತಾಳೆ ಅಂತ ಹೇಳುತ್ತ ಹೋದಿರಿ, ನಾವು ನಂಬುತ್ತ ಹೋದೆವು. ಈ ಪ್ರಾಣಿಯ ವಿಷಯದಲ್ಲಿ ಹಾಗೆ ಬೇಡ. ಇದ್ದದ್ದನ್ನು ಇದ್ದ ಹಾಗೆ ಬರೀರಿ.

ಶಾಂತಕುಮಾರಿ


ಕೊಂಡ್ಲಹಳ್ಳಿ
20 ಸೆಪ್ಟೆಂಬರ್ 2024

ಶಾಂತಕುಮಾರಿಗೆ ಆಶೀರ್ವಾದಗಳು.

ಇದ್ದದ್ದನ್ನು ಇದ್ದ ಹಾಗೆ ಬರೆಯಲು ಒಂದು ತಿಂಗಳು ಬೇಕಾಯಿತು, ಅದಕ್ಕೇ ತಡ.

ಟ್ರೈನಿಂಗ್ ಸಾಗಿದೆ. ಕಾಲೇಜಿನಲ್ಲಿ ಎನ್‌ಸಿಸಿ ಮಾಡಿದ್ದು ನಲವತ್ತು ವರ್ಷದ ಮೇಲೆ ಈಗ ಉಪಯೋಗಕ್ಕೆ ಬಂತು ನೋಡು. ಫಾರ್ವರ್ಡ್ ಮಾರ್ಚ್ ಅಂದರೆ ಹೊರಡುತ್ತಾಳೆ. ಹಾಲ್ಟ್ ಅಂದರೆ ನಿಲ್ಲುತ್ತಾಳೆ. ಅಬೌಟ್ ಟರ್ನ್ ಮಾತ್ರ ಇನ್ನೂ ಆಗಿಲ್ಲ, ಅದು ನನಗೂ ಸರಿಯಾಗಿ ಆಗುತ್ತಿರಲಿಲ್ಲ. ನಮ್ಮ ಇಂಗ್ಲಿಷ್ ಲೆಕ್ಚರರು ನಾಟ್ ಓನ್ಲಿ ಅಂತ ಶುರು ಮಾಡಿದರೆ ಬಟ್ ಆಲ್ಸೋ ಬರುವ ತನಕ ಯಾರೂ ಕೂರುವ ಹಾಗಿರಲಿಲ್ಲ. ಮೋತಿ ಅಂಥ ವಿದ್ಯಾರ್ಥಿನಿ, ಮಾತು ಪೂರ್ತಿಯಾಗುವ ತನಕ ಕದಲುವುದಿಲ್ಲ. ಹಗ್ಗ ಸಡಿಲ ಬಿಟ್ಟರೆ ಮೂಗಿನಿಂದ ಒಂದು ಉಸಿರು ಬಿಟ್ಟು ತಲೆ ತಗ್ಗಿಸುತ್ತಾಳೆ. ಆ ಉಸಿರು ಕೇಳುವುದಿಲ್ಲ ನನಗೆ, ಅಂಗೈಗೆ ತಾಗುತ್ತದೆ.

ಊರಿನವರಿಗೆ ಇದು ಬಿಟ್ಟಿ ಸರ್ಕಸ್ಸು. ಉಗ್ರಪ್ಪ ನಿನಗೆ ಗೊತ್ತು, ದೇವರ ಎತ್ತುಗಳನ್ನು ನೋಡಿಕೊಳ್ಳುತ್ತಾನಲ್ಲ, ಅವನು. ಆ ಎತ್ತುಗಳನ್ನು ಯಾರೂ ಹೂಡುವುದಿಲ್ಲ, ಹೊಡೆಯುವುದಿಲ್ಲ. ಅವುಗಳ ಬೆನ್ನು ನೋಡಿದರೆ ಎಣ್ಣೆ ಸುರಿದ ಹಾಗೆ ಇರುತ್ತದೆ. ಹೋದ ವಾರ ಬೇಲಿ ಹತ್ತಿರ ನಿಂತು, ನನ್ನ ಬಲಗಿವಿಯ ಕಡೆ ಬಂದು, ಬೇಕೆಂದೇ ನಾಲ್ಕು ಜನಕ್ಕೆ ಕೇಳುವ ಹಾಗೆ ಅಂದ:

"ಏನ್ ಸಾಹೇಬ್ರೇ, ಪಕ್ಕೆ ಎಣಿಸ್ಬೋದು. ನಿಮ್ಮನೇಗೆ ಬಂದೋರೆಲ್ಲ ಹಿಂಗೇ ಒಣಗ್ತಾರೇನು?"

ನಿಂತವರು ನಕ್ಕರು. ನಾನೂ ನಕ್ಕೆ. ಯಾಕೆ ಹೇಳುತ್ತಿದ್ದೇನೆ ಅಂದರೆ, ನಿನ್ನಕ್ಕ ಜಯಕ್ಕ ಹೋಗಿ ಮೂರು ವರ್ಷವಾದರೂ ಈ ಊರು ಅವಳ ತೂಕವನ್ನು ಮರೆತಿಲ್ಲ. ಕೊನೆಗೆ ಅವಳನ್ನು ಎತ್ತಿ ಆಟೋದಲ್ಲಿ ಕೂರಿಸಿದಾಗ ಒಂದು ಕೈಯಲ್ಲೇ ಎತ್ತಿದೆ. ಅದನ್ನು ಕಂಡವರಿದ್ದಾರೆ.

ಮೇವು ನೀನು ಹೇಳಿದ ಹಾಗೆ.

ನಾಗಭೂಷಣ


ಚಳ್ಳಕೆರೆ
27-9-2024

ಭಾವನವರಿಗೆ ನಮಸ್ಕಾರ.

ಮೋತಿ ಮಾತು ಕೇಳುತ್ತಾಳೆ ಅಂತ ಓದಿ ಸಂತೋಷವಾಯಿತು. ಯಾವ ಭಾಷೆ ಆದರೂ ಪರವಾಗಿಲ್ಲ, ದಿನಾ ಒಂದೇ ಮಾತು ಇರಲಿ. ಇನ್ನು ಬೆನ್ನ ಮೇಲೆ ಬರೀ ಗೋಣಿಚೀಲ ಹಾಕಿ ನಡೆಸಿ. ಆಮೇಲೆ ಚೀಲದಲ್ಲಿ ಸ್ವಲ್ಪ ಮರಳು. ನೀವು ಹತ್ತುವುದು ಕೊನೆಗೆ.

ಮೂರು ಪುಟ ಬರೆದಿದ್ದೀರಿ. ಮೇವಿಗೆ ಒಂದು ಸಾಲು. ಎಷ್ಟು ಸೇರು, ಎಷ್ಟು ಹೊತ್ತು, ಹುಲ್ಲು ಯಾವುದು, ಇದನ್ನು ಬರೀರಿ.

ಉಗ್ರಪ್ಪನವರ ಮಾತಿಗೆ ತಲೆ ಕೆಡಿಸ್ಕೋಬೇಡಿ. ಎತ್ತಿಗೆ ನಾಲ್ಕು ಹೊಟ್ಟೆ, ಕುದುರೆಗೆ ಒಂದೇ. ಎತ್ತು ಕೂತು ಮೆಲುಕು ಹಾಕಿ ಅರಗಿಸುತ್ತದೆ. ಕುದುರೆಗೆ ಅರಗದ್ದು ಹೊಟ್ಟೆಯಲ್ಲಿ ಹುಳಿತು ಕಾಲಿಗೆ ಇಳಿಯುತ್ತದೆ. ನಾವು ಮಾತಾಡುವುದು ಬೇರೆಬೇರೆ ಪ್ರಾಣಿಯ ವಿಷಯ ಅಂತ ಅವರಿಗೆ ಹೇಳಿ.

ಆಶಾಗೆ ಈಗ ಏಳು ತಿಂಗಳು. ಹೆರಿಗೆಗೆ ನಾನೇ ಬಳ್ಳಾರಿಗೆ ಹೋಗಬೇಕು, ಅವಳ ಅತ್ತೆಗೆ ಕೈಲಾಗುವುದಿಲ್ಲ. ನವೆಂಬರಿನಲ್ಲಿ ಅಂಗಡಿ ಮುಚ್ಚಿರುತ್ತದೆ. ಏನು ಬೇಕಿದ್ದರೂ ಅಷ್ಟರಲ್ಲಿ ಕೇಳಿ.

ಶಾಂತಕುಮಾರಿ


ಕೊಂಡ್ಲಹಳ್ಳಿ
30 ಅಕ್ಟೋಬರ್ 2024

ಶಾಂತಕುಮಾರಿಗೆ ಆಶೀರ್ವಾದಗಳು. ದೀಪಾವಳಿಯ ಶುಭಾಶಯಗಳು. ಆಶಾಗೆ ಸುಖಪ್ರಸವವಾಗಲಿ.

ವಿತ್ ರೆಫರೆನ್ಸ್ ಟು ಯುವರ್ ಲೆಟರ್, ಮೇವಿನ ವಿವರ: ಹುರುಳಿ ಒಂದು ಸೇರು, ಎರಡು ಹೊತ್ತು. ಹುಲ್ಲು, ಗರಿಕೆ. ಅಷ್ಟೇ.

ಚೀಲದಲ್ಲಿ ಮರಳು ಹಾಕಿ ನಡೆಸಿದ್ದಾಯಿತು. ಹದಿನಾಲ್ಕನೇ ತಾರೀಖು ನಾನೇ ಹತ್ತಿದೆ. ಅರವತ್ತಮೂರನೇ ವಯಸ್ಸಿಗೆ ಪ್ರಪಂಚವನ್ನು ಅಷ್ಟು ಎತ್ತರದಿಂದ ನೋಡಿದ್ದು ಅದೇ ಮೊದಲು. ಕೆರೆಯ ಏರಿಯ ತನಕ ಹೋಗಿ ಬಂದೆವು. ಎಡ ಎಳೆದರೆ ಎಡಕ್ಕೆ, ಬಲ ಎಳೆದರೆ ಬಲಕ್ಕೆ. ನಾನು ಬೆವೆತಿದ್ದೆ, ಅವಳು ಬೆವೆತಿರಲಿಲ್ಲ. ಇಳಿದ ಮೇಲೆ ಅವಳ ಕತ್ತಿಗೆ ಕೈಹಾಕಿ ನಿಂತಿದ್ದೆ, ಎಷ್ಟು ಹೊತ್ತು ಅಂತ ಗೊತ್ತಿಲ್ಲ.

ನಿಜ ಹೇಳಬೇಕೆಂದರೆ ಈಗ ಅವಳ ಪಕ್ಕೆ ಯಾರೂ ಎಣಿಸಲಾರರು. ಬೆನ್ನಿನ ನಡುವೆ ಗಾಳಿ ಬಂದ ಗದ್ದೆಯ ಹಾಗೆ ಒಂದು ಹೊಳಪು. ಕತ್ತಿನ ಮೇಲೆ ಏಣು ದಪ್ಪಗಾಗಿ ಗಟ್ಟಿಯಾಗಿದೆ, ಗಂಡು ಕುದುರೆಯ ಹಾಗೆ. ಉಗ್ರಪ್ಪನೇ ಬಂದು ಸುತ್ತ ತಿರುಗಿ ನೋಡಿ, ಏನೂ ಅನ್ನದೆ ಹೋದ. ಅವನು ಏನೂ ಅನ್ನಲಿಲ್ಲ ಅಂದರೆ ಅರ್ಥ ಮಾಡಿಕೋ.

ಹೋದ ವಾರ ಚಳ್ಳಕೆರೆಗೆ ಬಂದಿದ್ದೆ. ಎಣ್ಣೆ ಮಿಲ್ಲಿನ ಹತ್ತಿರ ಸ್ವಲ್ಪ ಕೆಲಸವಿತ್ತು. ಬಸ್ಸಿಗೆ ಹೊತ್ತಾಯಿತು, ನಿನ್ನ ಅಂಗಡಿಯ ಕಡೆ ಬರಲಾಗಲಿಲ್ಲ.

ನಾಗಭೂಷಣ


ಚಳ್ಳಕೆರೆ
4-11-2024

ಭಾವನವರಿಗೆ,

ಎಣ್ಣೆ ಮಿಲ್ಲಿನಲ್ಲಿ ನಿಮಗೆ ಏನು ಕೆಲಸ? ಅಲ್ಲಿ ಸಿಗುವುದು ಎರಡೇ, ಎಣ್ಣೆ ಮತ್ತು ಹಿಂಡಿ.

ಒಂದು ಸೇರು ಹುರುಳಿಗೆ ಕತ್ತಿನ ಏಣು ಗಟ್ಟಿಯಾಗುವುದಿಲ್ಲ. ನಾನು ಹನ್ನೊಂದು ವರ್ಷ ಅವಳನ್ನು ಸಾಕಿದ್ದೇನೆ. ಹಿಂಡಿ ಹಾಕುತ್ತಿದ್ದರೆ ಈ ಕಾಗದ ಓದಿದ ಹೊತ್ತಿಗೇ ನಿಲ್ಲಿಸಿ. ಹಾಕುತ್ತಿಲ್ಲದಿದ್ದರೆ ಹಾಕುತ್ತಿಲ್ಲ ಅಂತ ಬರೀರಿ, ನಾನು ಕ್ಷಮೆ ಕೇಳುತ್ತೇನೆ.

ನಾಳೆ ಬೆಳಗ್ಗೆ ಬಳ್ಳಾರಿಗೆ ಹೊರಟಿದ್ದೇನೆ. ಆಶಾಗೆ ಬಿಪಿ ಇದೆಯಂತೆ, ಈಗಲೇ ಬಾ ಅಂದಿದ್ದಾರೆ. ಅವಳ ಫೋನ್ ನಂಬರ್ ಹಿಂದುಗಡೆ ಬರೆದಿದ್ದೇನೆ. ಮೋತಿ ಮೇವು ಬಿಟ್ಟರೆ, ನಡೆಯಲಿಕ್ಕೆ ಹಿಂದೆಮುಂದೆ ನೋಡಿದರೆ, ಉಗ್ರಪ್ಪನವರ ಕೈಲಿ ಆದರೂ ಫೋನು ಮಾಡಿಸಿ. ಯಾವ ಹೊತ್ತಾದರೂ ಸರಿ.

ಶಾಂತಕುಮಾರಿ


ಕೊಂಡ್ಲಹಳ್ಳಿ
28 ನವೆಂಬರ್ 2024

ಶಾಂತಕುಮಾರಿಗೆ ಆಶೀರ್ವಾದಗಳು.

ನೀನು ಊರಲ್ಲಿಲ್ಲ ಅಂತ ಗೊತ್ತು. ಆದರೂ ಬರೆಯುತ್ತಿದ್ದೇನೆ. ಜೋಗಪ್ಪ ನಿನ್ನ ಅಂಗಡಿಯ ಶಟರ್ ಕೆಳಗೆ ತಳ್ಳಿ ಹೋಗುತ್ತಾನೆ, ಬಂದ ಮೇಲೆ ಓದು. ಕೆಲವು ಸಂಗತಿಗಳನ್ನು ಆದ ದಿನವೇ ಬರೆದಿಡಬೇಕು.

ಹೋದ ಕಾಗದದಲ್ಲಿ ನೀನು ಸ್ವಲ್ಪ ಖಾರವಾಗಿ ಬರೆದೆ. ಇರಲಿ. ಮಗಳ ಚಿಂತೆಯಲ್ಲಿದ್ದವಳು ನೀನು. ಕುದುರೆಯನ್ನು ಕೊಟ್ಟವರಿಗೆ, ಅದು ಬೇರೆಯವರ ಮನೆಯಲ್ಲಿ ತಮ್ಮ ಮನೆಗಿಂತ ಚೆನ್ನಾಗಿ ಆಗಿದೆ ಅಂತ ಕೇಳಿದರೆ ಒಂದು ಸಂಕಟ ಆಗುವುದು ಸಹಜ.

ವಿಷಯ ಇದು. ಮೋತಿ ನನಗೆ ಸಲಾಮು ಮಾಡುತ್ತಾಳೆ. ಮದುವೆಯಲ್ಲಿ ಗಂಡಿನ ಮನೆಯವರ ಮುಂದೆ ಮಾಡುತ್ತಿದ್ದಳಲ್ಲ, ಅದನ್ನು ನಾನು ಕೇಳಿರಲಿಲ್ಲ, ಕಲಿಸಿರಲಿಲ್ಲ. ಮೂರು ದಿನದಿಂದ ಬೆಳಗ್ಗೆ ನಾನು ಹುಳುಮನೆಯ ಬಾಗಿಲು ತೆಗೆದ ಕೂಡಲೇ ಎರಡೂ ಮುಂಗಾಲು ಮುಂದಕ್ಕೆ ಚಾಚಿ, ಹಿಂದಕ್ಕೆ ವಾಲಿ, ಹಾಗೇ ನಿಂತುಬಿಡುತ್ತಾಳೆ. ಮೊದಲ ದಿನ ನಾನು ಏನು ಮಾಡಬೇಕೆಂದು ತಿಳಿಯದೆ, ನಗಬೇಡ, ನಾನೂ ಕೈಯೆತ್ತಿ ಸಲಾಮು ಮಾಡಿದೆ. ಸುದ್ದಿ ಹಬ್ಬಿ ನಿನ್ನೆ ಹತ್ತಿಪ್ಪತ್ತು ಜನ ಸೇರಿದ್ದರು. ಅವರ ಮುಂದೆಯೂ ಮಾಡಿದಳು. ಅರ್ಧ ಗಂಟೆ ಕಾಲು ಹಿಂದಕ್ಕೆ ತೆಗೆಯಲಿಲ್ಲ. ಉಗ್ರಪ್ಪ ಹೇಳಿದ, "ಪ್ರಾಣಿಗೆ ಉಪಕಾರ ಗೊತ್ತಾಗೈತೆ ಸಾಹೇಬ್ರೇ, ಮನುಷ್ಯರಿಗೇ ಗೊತ್ತಾಗಲ್ಲ" ಅಂತ. ಅವನ ಬಾಯಲ್ಲಿ ಆ ಮಾತು ಕೇಳಿ ನನಗೆ ಮನೆಯೊಳಗೆ ಹೋಗಿ ಕೂರಬೇಕಾಯಿತು.

ಇತ್ತೀಚೆಗೆ ಸವಾರಿ ಹೋಗಿಲ್ಲ. ಅವಳಿಗೂ ಮನಸ್ಸಿಲ್ಲ, ಹೆಚ್ಚು ಹೊತ್ತು ಮಲಗುತ್ತಾಳೆ. ರಾಣಿಯ ಹಾಗೆ ಇದ್ದಾಳೆ ಅಂತ ಇಟ್ಟುಕೋ.

ನಾಗಭೂಷಣ


ಕೊಂಡ್ಲಹಳ್ಳಿ
9 ಡಿಸೆಂಬರ್ 2024

ಶಾಂತಕುಮಾರಿಗೆ,

ನೀನು ಬಂದಿರಬಹುದು ಅಂತ ಬರೆದೆ. ಉತ್ತರ ಬಾರದಿರುವುದು ನಿನ್ನ ಕೋಪಕ್ಕೋ, ಇನ್ನೂ ಬಳ್ಳಾರಿಯಲ್ಲೇ ಇದ್ದೀಯೋ ತಿಳಿಯದು.

ಮೋತಿ ಈಗ ಹುಳುಮನೆಯಿಂದ ಹೊರಗೆ ಬರಲು ಒಪ್ಪುತ್ತಿಲ್ಲ. ಫಾರ್ವರ್ಡ್ ಮಾರ್ಚ್ ಅಂದರೂ ಇಲ್ಲ, ಕೈಮುಗಿದರೂ ಇಲ್ಲ. ಹಗ್ಗ ಎಳೆದರೆ ಒಂದು ಹೆಜ್ಜೆ ಇಟ್ಟು ನಡುಗುತ್ತಾಳೆ. ಸೋಮಾರಿ ಎತ್ತು ಹೀಗೇ ಮಾಡುತ್ತದೆ, ಎರಡು ಬಾರಿಸಿದರೆ ಸರಿಹೋಗುತ್ತದೆ ಅಂತ ಉಗ್ರಪ್ಪ. ನಾನು ಬಾರಿಸಲಿಲ್ಲ. ದನದ ಡಾಕ್ಟರು ಬಂದು ಜ್ವರ ನೋಡಿ ಇಂಜೆಕ್ಷನ್ ಕೊಟ್ಟು, ಕುದುರೆಯದು ನನಗೆ ಅಷ್ಟು ಎಕ್ಸ್‌ಪೀರಿಯೆನ್ಸ್ ಇಲ್ಲ, ಬಲ್ಲವರಿಗೆ ತೋರಿಸಿ ಅಂದರು.

ನೀನು ಕೊಟ್ಟ ನಂಬರಿದೆ. ಉಗ್ರಪ್ಪನ ಕೈಲಿ ಮಾಡಿಸಿದರೆ ಅವನು ಕೂಗಿ ಮಾತಾಡುವುದು ಊರಿಗೆಲ್ಲ ಕೇಳುತ್ತದೆ. ಅಲ್ಲದೆ ಬಾಣಂತಿ ಮನೆಗೆ ಇಂಥದನ್ನು ಏನಂತ ಹೇಳಿಸುವುದು. ಇನ್ನೆರಡು ದಿನ ನೋಡುತ್ತೇನೆ.

ಸಲಾಮು ಮಾತ್ರ ಬಿಟ್ಟಿಲ್ಲ. ಇಡೀ ದಿನ ಹಾಗೇ ನಿಂತಿರುತ್ತಾಳೆ.

ನಾಗಭೂಷಣ


ಚಳ್ಳಕೆರೆ
17-12-2024, ಬೆಳಗ್ಗೆ

ಭಾವ,

ನಿನ್ನೆ ಸಂಜೆ ಬಂದೆ. ಶಟರ್ ಎತ್ತಿದಾಗ ನಿಮ್ಮ ಎರಡು ಕಾಗದ ಸಿಕ್ಕವು. ನಿಮಗೂ ಉಗ್ರಪ್ಪನವರಿಗೂ ಫೋನು ಮಾಡಿದೆ, ಇಬ್ಬರದೂ ಸ್ವಿಚ್ ಆಫ್. ಇದನ್ನು ಮೊದಲ ಬಸ್ಸಿಗೆ ಕೊಡುತ್ತಿದ್ದೇನೆ. ಟೆಂಪೋ ಗೊತ್ತು ಮಾಡಿಕೊಂಡು ಮಧ್ಯಾಹ್ನದೊಳಗೆ ನಾನೇ ಬರುತ್ತೇನೆ.

ಅದು ಸಲಾಮಲ್ಲ. ಸಲಾಮು ಮಾಡುವಾಗ ಮೋತಿ ಒಂದೇ ಕಾಲು ಮಡಿಸಿ ತಲೆ ಬಗ್ಗಿಸುತ್ತಾಳೆ, ಅದೂ ನಾನು ಮಂಡಿಗೆ ಕಡ್ಡಿ ತಾಗಿಸಿದರೆ. ಎರಡೂ ಮುಂಗಾಲು ಚಾಚಿ ಹಿಂದಕ್ಕೆ ವಾಲುವುದು ಗೊರಸಿನ ಒಳಗೆ ಬೆಂಕಿ ಬಿದ್ದಾಗ. ಮುಂದಿನ ಗೊರಸಿನ ಮೇಲೆ ಭಾರ ಬಿಡಲಾರದೆ ಕುದುರೆಗಳು ಹಾಗೆ ನಿಲ್ಲುತ್ತವೆ. ಮೂರು ದಿನದೊಳಗೆ ನೋಡಿದರೆ ಉಳಿಸಬಹುದು. ನಿಮ್ಮ ಕಾಗದದ ಮೇಲೆ ನವೆಂಬರ್ 28 ಅಂತ ಇದೆ.

ನಾನು ಬರುವ ತನಕ ಕಾಳು ಏನೂ ಹಾಕಬೇಡಿ. ಬರೀ ಹುಲ್ಲು, ನೀರು. ಗೋಣಿ ನೆನೆಸಿ ಮುಂಗಾಲಿಗೆ ಸುತ್ತಿ, ಒಣಗಿದ ಹಾಗೆ ತಣ್ಣೀರು ಹಾಕುತ್ತಿರಿ. ಎಬ್ಬಿಸಬೇಡಿ. ನಡೆಸಬೇಡಿ. ಜನರನ್ನು ಕರೆಸಬೇಡಿ.

ಶಾಂತಕುಮಾರಿ


ಕೊಂಡ್ಲಹಳ್ಳಿ
22 ಡಿಸೆಂಬರ್ 2024

ಶಾಂತಕುಮಾರಿ,

ನೀನು ಬಂದು ಮೋತಿಯನ್ನು ಕರೆದುಕೊಂಡು ಹೋಗಿ ಐದು ದಿನವಾಯಿತು. ನಾಲ್ಕು ಜನ ಹಲಗೆಯ ಮೇಲೆ ಎಳೆದು ಟೆಂಪೋಗೆ ಹತ್ತಿಸಿದ್ದನ್ನು ನೋಡುತ್ತ ನಾನು ಬೇಲಿಯ ಹತ್ತಿರವೇ ನಿಂತಿದ್ದೆ, ನೀನು ದೂರ ಇರಿ ಅಂದಿದ್ದಕ್ಕೆ. ಮೊದಲಾದರೆ ಬಂದ ಕೂಡಲೇ ಜಯಕ್ಕನ ಫೋಟೋದ ಮುಂದೆ ನಿಲ್ಲುತ್ತಿದ್ದೆ. ಆವತ್ತು ಮನೆಯೊಳಗೆ ಬರಲೇ ಇಲ್ಲ.

ಹುಳುಮನೆಯ ಮೂಲೆಯಲ್ಲಿ ಶೇಂಗಾ ಹಿಂಡಿಯ ಚೀಲ ಕಂಡೆ ನೀನು. ಮುಚ್ಚಿಡಬೇಕು ಅಂದುಕೊಂಡವನು ಮರೆತಿದ್ದೆ. ಕೇಳಿದ್ದು ಒಂದೇ ಮಾತು.

"ಎಷ್ಟು ದಿನದಿಂದ ಹಾಕ್ತಿದ್ದೀರಿ, ಭಾವ?"

"ಹದಿನೈದು ದಿನ" ಅಂದೆ.

ಅದೂ ಸುಳ್ಳು. ಸೆಪ್ಟೆಂಬರಿನಿಂದ ಹಾಕಿದ್ದೇನೆ. ಉಗ್ರಪ್ಪ ಪಕ್ಕೆ ಎಣಿಸಿದ ಮಾರನೆಯ ದಿನದಿಂದ. ಅವನೇ ಹೇಳಿಕೊಟ್ಟ ಹಾಗೆ ನೆನೆಸಿಟ್ಟು, ಬೆಲ್ಲ ಕಲಸಿ, ದೇವರ ಎತ್ತಿಗೆ ಹಾಕುವಷ್ಟೇ. ಅದು ಸಾಲದು ಅನ್ನಿಸಿ ಮುಸುಕಿನ ಜೋಳದ ನುಚ್ಚು. ನೀನು ನವೆಂಬರಿನಲ್ಲಿ ನಿಲ್ಲಿಸಿ ಅಂತ ಬರೆದ ಮೇಲೂ ನಿಲ್ಲಿಸಲಿಲ್ಲ. ಹಿಂಡಿ ಬೇಡ ಅಂತ ನೀನು ಬರೆದಾಗ, ಹುರುಳಿ ಮಾರುವವಳು ಇನ್ನೇನು ಹೇಳುತ್ತಾಳೆ ಅಂದುಕೊಂಡೆ. ನಾನು ಹಾಗೆ ಅಂದುಕೊಂಡಿದ್ದು ನಿಜ, ಬರೆಯುತ್ತಿದ್ದೇನೆ.

ಇಲಾಖೆಯಲ್ಲಿ ನಾವು ರೈತರಿಗೆ ಹೇಳುತ್ತಿದ್ದುದು ಹೀಗೆ: ಹುಳು ನಾಲ್ಕನೇ ಜ್ವರದಿಂದ, ಅಂದರೆ ಕೊನೆಯ ಸಲ ಪೊರೆ ಬಿಟ್ಟು ಎದ್ದ ಮೇಲೆ ಸೊಪ್ಪಿಗೆ ಲೆಕ್ಕ ಇಡಬೇಡಿ, ತಿಂದಷ್ಟೂ ಹಾಕಿ. ತಿಂದದ್ದೆಲ್ಲ ಗೂಡಾಗುತ್ತದೆ. ಒಂದು ಜೀವಕ್ಕೆ ಹೆಚ್ಚು ಹಾಕಿ ಕೆಡಿಸಬಹುದು ಅನ್ನುವುದು ನನ್ನ ತಲೆಗೆ ಹೋಗಲಿಲ್ಲ. ಕಡಿಮೆಯಾಗಿ ಕೆಟ್ಟದ್ದನ್ನಷ್ಟೇ ನೋಡಿದ್ದೆ ನಾನು.

ಹದಿನೈದು ದಿನ ಅಂದಾಗ ನಿನ್ನ ಮುಖದಲ್ಲಿ ಸ್ವಲ್ಪ ಆಸೆ ಬಂತು. ಅದಕ್ಕೇ ಸರಿಮಾಡಿ ಹೇಳಲು ಬಾಯಿ ಬರಲಿಲ್ಲ. ಔಷಧಿಗೆ ಈ ಲೆಕ್ಕ ಬೇಕಿದ್ದರೆ ಡಾಕ್ಟರಿಗೆ ಹೇಳು, ಸೆಪ್ಟೆಂಬರಿನಿಂದ.

ಅವಳು ಹೇಗಿದ್ದಾಳೆ?

ನಾಗಭೂಷಣ


ಚಳ್ಳಕೆರೆ
2-1-2025

ಭಾವನವರಿಗೆ ನಮಸ್ಕಾರ.

ಕಾಗದ ತಲುಪಿತು. ಮೋತಿಗೆ ಪರವಾಗಿಲ್ಲ. ಹುಲ್ಲು ತಿನ್ನುತ್ತಾಳೆ.

ಸದ್ಯ ಬರಬೇಡಿ.

ಶಾಂತಕುಮಾರಿ


ಕೊಂಡ್ಲಹಳ್ಳಿ
18 ಜನವರಿ 2025

ಶಾಂತಕುಮಾರಿಗೆ ಆಶೀರ್ವಾದಗಳು.

ನಿನ್ನ ಎರಡು ಸಾಲನ್ನು ಎಷ್ಟು ಸಲ ಓದಿದೆ ಅಂತ ಹೇಳಿದರೆ ನಗುತ್ತೀಯೆ. ಕಾಗದ ಮಡಿಕೆಯಲ್ಲಿ ಹರಿದು ಈಗ ಎರಡು ತುಂಡಾಗಿದೆ.

ಜೋಗಪ್ಪನ ಕೈಲಿ ಹುರುಳಿ ಕಳಿಸಿದ್ದೇನೆ, ಕಲ್ಲು ಆರಿಸಿ, ಕೇರಿ. ಅವಳಿಗೆ ಯಾವಾಗ ಕೊಡಬಹುದು ಅಂತ ನೀನೇ ನೋಡಿಕೊಂಡು ಕೊಡು. ನಾನು ಇನ್ನು ಮೇವಿನ ವಿಷಯಕ್ಕೆ ಬಾಯಿ ಹಾಕುವುದಿಲ್ಲ.

ಇಲ್ಲಿ ಒಂದು ಕೆಲಸ ಹಚ್ಚಿಕೊಂಡಿದ್ದೇನೆ. ಹುಳುಮನೆಯ ಸಿಮೆಂಟು ನೆಲ ಅವಳ ಕಾಲಿಗೆ ಗಟ್ಟಿ, ಅಲ್ಲವೆ. ಹಳ್ಳದಿಂದ ಮರಳು ಹೊತ್ತು ತಂದು ಹಾಕುತ್ತಿದ್ದೇನೆ. ದಿನಕ್ಕೆ ಎಂಟು ಬುಟ್ಟಿ, ಅದಕ್ಕಿಂತ ಹೆಚ್ಚು ನನ್ನ ಬೆನ್ನಿಗೆ ಆಗುವುದಿಲ್ಲ. ಉಗ್ರಪ್ಪ ಕೇಳಿದ, ಇಲ್ಲದ ಕುದುರೆಗೆ ಹಾಸಿಗೆ ಯಾಕೆ ಅಂತ. ಅವನ ಜೊತೆ ಈಗ ಮಾತಿಲ್ಲ. ಅವನದೇನೂ ತಪ್ಪಿಲ್ಲ, ಅವನು ಎತ್ತಿನ ವಿಷಯ ಹೇಳಿದ. ಆದರೂ ಮಾತಿಲ್ಲ.

ಇನ್ನು ಸವಾರಿ ಬೇಡ ಅವಳಿಗೆ. ಸುಮ್ಮನೆ ಇರಲಿ. ಯುಗಾದಿಯ ಹೊತ್ತಿಗೆ ಕಳಿಸಬಹುದೆ? ಕಳಿಸುವುದಿಲ್ಲ ಅಂದರೆ ಅಲ್ಲೇ ಬಂದು ಒಂದು ಸಲ ನೋಡಿ ಹೋಗಬಹುದೆ?

ನಾಗಭೂಷಣ


ಚಳ್ಳಕೆರೆ
27-1-2025

ಭಾವನವರಿಗೆ ನಮಸ್ಕಾರ.

ಹುರುಳಿ ಬಂತು. ಮೋತಿ ಹಾಗೇ ಇದ್ದಾಳೆ, ಪರವಾಗಿಲ್ಲ. ಹೊಸಬರು ಬಂದರೆ ಬೆದರುತ್ತಾಳೆ. ಬರಬೇಡಿ.

ಶಾಂತಕುಮಾರಿ


ಕೊಂಡ್ಲಹಳ್ಳಿ
24 ಫೆಬ್ರವರಿ 2025

ಶಾಂತಕುಮಾರಿ,

ನೀನು ಬೇಡ ಅಂದರೂ ನಿನ್ನೆ ಬಂದೆ. ದೂರದಿಂದ, ಅವಳಿಗೆ ಕಾಣದ ಹಾಗೆ ನಿಂತು ನೋಡಿ ಹೋಗೋಣ ಅಂತ.

ನೀನು ಅಂಗಡಿಯಲ್ಲಿರಲಿಲ್ಲ. ಪಕ್ಕದ ಹೂವಿನ ಬೊಮ್ಮಕ್ಕ ನನ್ನನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ ಕೊಟ್ಟಿಗೆ ತೋರಿಸಿದಳು. ಕುರಿಯ ಹಗ್ಗದ ಕಟ್ಟು, ಎತ್ತಿನ ಗಂಟೆಯ ಮೂಟೆ, ಲವ್ ಬರ್ಡ್ಸ್‌ನ ಖಾಲಿ ಪಂಜರಗಳು. ಗೋಡೆಗೆ ಹೊಸ ಸುಣ್ಣ. ಕುದುರೆ ಎಲ್ಲಿದೆಯಮ್ಮ ಅಂತ ಕೇಳಿದೆ. ಅವಳು ಏನೋ ಅಂದಳು, ನನಗೆ ಕೇಳಲಿಲ್ಲ. ಬಲಗಿವಿ ಮುಂದೆ ಮಾಡಿ ಇನ್ನೊಂದು ಸಲ ಕೇಳಿದೆ.

"ಕುದ್ರೆನಾ? ಎಳ್ಳಮಾಸೆಗೆ ನಾಕು ದಿನ ಮುಂಚೆನೇ ಹೋತಲ್ಲಪ್ಪ. ನಿಮಗೆ ಹೇಳಲಿಲ್ವಾ?"

ಹೇಳಿದ್ದಾಳೆ, ಮರೆತಿದ್ದೆ ಅಂದೆ.

ಎಳ್ಳಮಾಸೆಗೆ ನಾಲ್ಕು ದಿನ ಮುಂಚೆ ಅಂದರೆ ಡಿಸೆಂಬರ್ 26. ನಿನ್ನ ಮೊದಲ ಪರವಾಗಿಲ್ಲಕ್ಕೆ ಒಂದು ವಾರ ಹಿಂದೆ. ನಾನು ಮರಳು ಹೊರಲು ಶುರು ಮಾಡುವುದಕ್ಕೂ ಹಿಂದೆ. ಬಸ್ಸಿನಲ್ಲಿ ಬರುತ್ತ ದಾರಿಯುದ್ದಕ್ಕೂ ಇದನ್ನೇ ಯೋಚಿಸಿದೆ. ಹುಲ್ಲು ತಿನ್ನುತ್ತಾಳೆ ಅಂತ ಬರೆದೆಯಲ್ಲ, ಆ ಸಾಲು ಓದಿದ ದಿನ ನಾನು ಎರಡು ಹೊತ್ತು ಊಟ ಮಾಡಿದ್ದೆ.

ನಾನು ಮಾಡಿದ್ದನ್ನೇ ನೀನು ನನಗೆ ಮಾಡಿ ಶಿಕ್ಷೆ ಕೊಟ್ಟೆಯೋ, ಅಥವಾ ಮುದುಕನಿಗೆ ಸಂಕಟವಾಗುತ್ತದೆ ಅಂತ ಕನಿಕರಪಟ್ಟು ಮುಚ್ಚಿಟ್ಟೆಯೋ? ಅದೊಂದನ್ನು ಬರೆ. ಯಾವುದಾದರೂ ಸರಿ, ತಡೆದುಕೊಳ್ಳುತ್ತೇನೆ.

ನಾಗಭೂಷಣ


ಚಳ್ಳಕೆರೆ
2-3-2025

ಭಾವನವರಿಗೆ,

ನೀವು ಕೇಳಿದ ಎರಡೂ ಅಲ್ಲ.

ಅಕ್ಕ ಸತ್ತಾಗ ನಾನು ಹದಿಮೂರು ದಿನ ನಿಮ್ಮ ಮನೆಯಲ್ಲಿದ್ದೆ. ನೀವು ಜಗುಲಿಯಲ್ಲಿ ಕೂತು ಅಳುತ್ತಿದ್ದಿರಿ. ಬಂದವರೆಲ್ಲ ನಿಮ್ಮನ್ನು ಸಮಾಧಾನ ಮಾಡಿದರು. ನಾನೂ ಮಾಡಿದೆ. ನೀರು ತಂದುಕೊಟ್ಟೆ, ಊಟಕ್ಕೆ ಎಬ್ಬಿಸಿದೆ, ನಿಮ್ಮದೇನೂ ತಪ್ಪಿಲ್ಲ ಭಾವ ಅಂತ ದಿನಕ್ಕೆ ನಾಲ್ಕು ಸಲ ಹೇಳಿದೆ. ತಪ್ಪಿತ್ತು. ಹೇಳಿದೆ, ಯಾಕೆಂದರೆ ಹೇಳದಿದ್ದರೆ ನೀವು ಅಳು ನಿಲ್ಲಿಸುತ್ತಿರಲಿಲ್ಲ. ಸತ್ತವಳು ನನ್ನ ಅಕ್ಕ. ಆ ಹದಿಮೂರು ದಿನದಲ್ಲಿ ನನಗೆ ಅಳಲಿಕ್ಕೆ ಹೊತ್ತು ಸಿಗಲಿಲ್ಲ. ಆಮೇಲೆ ಊರಿಗೆ ಬಂದು ಅಂಗಡಿ ತೆಗೆದೆ, ಆಗಲೂ ಸಿಗಲಿಲ್ಲ.

ಮೋತಿ ನನ್ನ ತೊಡೆಯ ಮೇಲೆ ತಲೆ ಇಟ್ಟು ಸತ್ತಳು. ಗೊರಸು ಬಿಟ್ಟುಕೊಂಡಿತ್ತು. ಡಾಕ್ಟರು ಕೊನೆಯ ಇಂಜೆಕ್ಷನ್ ಕೊಟ್ಟರು, ನಾನೇ ಕೊಡಿ ಅಂದೆ.

ಅವತ್ತೇ ನಿಮಗೆ ಬರೆದಿದ್ದರೆ ಮಾರನೆಯ ದಿನದ ಬಸ್ಸಿಗೆ ಬರುತ್ತಿದ್ದಿರಿ. ಅಂಗಡಿಯ ಮುಂದಿನ ಬೆಂಚಿನ ಮೇಲೆ ಕೂತು ಅಳುತ್ತಿದ್ದಿರಿ. ನಾನು ನೀರು ತಂದುಕೊಡಬೇಕಾಗುತ್ತಿತ್ತು. ಈ ಸಲ ಅದು ನನ್ನ ಕೈಲಿ ಆಗುತ್ತಿರಲಿಲ್ಲ. ಅದಕ್ಕೇ ಪರವಾಗಿಲ್ಲ ಅಂತ ಬರೆದೆ. ಎರಡು ತಿಂಗಳು ನಾನೊಬ್ಬಳೇ ಅತ್ತೆ. ಅಷ್ಟು ಬೇಕಿತ್ತು ನನಗೆ.

ಹುರುಳಿ ಸಂತೆಗೆ ಬಂದ ಕುರಿಯವರಿಗೆ ಕೊಟ್ಟೆ.

ಇನ್ನು ನೀವು ಅಳಬಹುದು. ಅಲ್ಲೇ ಅಳಿ. ಇಲ್ಲಿಗೆ ಬರಬೇಡಿ.

ಶಾಂತಕುಮಾರಿ